ದಸ್ತಗೀರ ಕಾಕಾರ ‘ಆರಾಮ’

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ನಾಯಿಗಳೂ ಗೋಡೆಯ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಉಣ್ಣೆಯ ಸ್ವೆಟರು ತೊಟ್ಟು, ಕೊರಳಿಗೆ ಮಫ್ಲರು ಸುತ್ತಿ, ತಲೆಗೆ ಮಂಕಿ ಟೋಪಿ ಹಾಕಿಕೊಂಡು ಸಕ್ಕರೆ ಕಾರ್ಖಾನೆಯ ಅಂಗಳ ದಾಟುವ ಮನುಷ್ಯನನ್ನು ನೀವು ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ಕೆಲಸಕ್ಕೆ ಸೇರಿದ ಮೊದಲ ದಿನ ನಾನೂ ಅದನ್ನೇ ಅಂದುಕೊಂಡೆ. ಗೇಟಿನ ವಾಚಮನ್ ಮಾತ್ರ ನಕ್ಕು, "ಅವ್ರು ದಸ್ತಗೀರ ಕಾಕಾ ಅಲ್ರಿ? ಅವ್ರ ಖೋಲ್ಯಾಗ ಹನ್ನೆರಡೂ ತಿಂಗಳ ಥಂಡಿಕಾಲ. ನಿಮ್ದೂ ಅಲ್ಲೇ ಕೆಲಸ ಅಂದ್ರ ಒಂದು ಸ್ವೆಟರ ತಗೋರಿ," ಎಂದ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿತ್ತು ನಮ್ಮ ಕಾರ್ಖಾನೆ. ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಎದುರಿಗೇ ಒಂದು ಸಣ್ಣ ಖೋಲಿ, ಅದರಲ್ಲಿ ಸರ್ವರ್. ಯಾವ ಹೊಲದಲ್ಲಿ ಯಾರ ಕಬ್ಬು, ಯಾವ ಗ್ಯಾಂಗು ಕಡಿಯಬೇಕು, ಯಾವ ಟ್ರ್ಯಾಕ್ಟರಿನ ಪಾಳಿ ಯಾವಾಗ, ತೂಕ ಎಷ್ಟು ಬಂತು, ಎಲ್ಲವೂ ಅದರೊಳಗಿನ ಡೇಟಾಬೇಸಿನಲ್ಲಿ ಇರುತ್ತಿತ್ತು. ಯಂತ್ರ ಕಾಯಬಾರದೆಂದು ವರ್ಷವಿಡೀ ಎಸಿ ಓಡುತ್ತಿತ್ತು, ಅದರ ಗಾಳಿ ನೆಟ್ಟಗೆ ಕಾಕಾರ ಬೋಳುತಲೆಯ ಮೇಲೆ ಬೀಳುತ್ತಿತ್ತು. ಕುರ್ಚಿಯನ್ನು ತುಸು ಆಚೆ ಸರಿಸಿದ್ದರೆ ಆ ಸ್ವೆಟರೂ ಬೇಡ, ಟೋಪಿಯೂ ಬೇಡ. ಆದರೆ ಆಚೆ ಸರಿದರೆ ಕಿಟಕಿಯಿಂದ ಕಾಟಾ ಕಾಣುತ್ತಿರಲಿಲ್ಲ. ಕಾಟಾ ಕಾಣದ ಕುರ್ಚಿಯಲ್ಲಿ ಕೂರುವ ಮನುಷ್ಯ ಅವರಲ್ಲ.

ಕಾಕಾರ ಮುಖ್ಯ ಕೆಲಸ ಡೇಟಾಬೇಸಿನ ಪ್ರೊಸೆಸರನ್ನು ಕಾಯುವುದು. ಪ್ರೊಸೆಸರ್ ಎಂದರೆ ಆ ಯಂತ್ರದ ಮಿದುಳು. ಈ ಗಳಿಗೆಯಲ್ಲಿ ಅದರ ಎಷ್ಟು ಪಾಲು ದುಡಿಯುತ್ತಿದೆ ಎಂದು ಪರದೆಯ ಮೇಲೆ ಒಂದು ಗೆರೆ ಏರುತ್ತ ಇಳಿಯುತ್ತ ತೋರಿಸುತ್ತದೆ. ಆ ಗೆರೆಯನ್ನು ನೋಡುತ್ತಿರಬೇಕು, ದಿನವೂ ಬೆಳಗ್ಗೆ ಮೈಸೂರಿನ ದೊಡ್ಡ ಕಚೇರಿಗೆ ಫೋನು ಮಾಡಿ ವರದಿ ಒಪ್ಪಿಸಬೇಕು. ಕಬ್ಬು ನಮ್ಮ ಕಡೆಯದು, ಮಾಲೀಕರು ಮಾತ್ರ ಆ ಕಡೆಯವರು. ಡೇಟಾಬೇಸ್ ಕಂಪನಿಯವರು ಪ್ರೊಸೆಸರುಗಳ ಲೆಕ್ಕದ ಮೇಲೆ ಬಾಡಿಗೆ ಕೇಳುತ್ತಿದ್ದರಂತೆ. ಹಾಗಾಗಿ ಅಷ್ಟು ಪ್ರೊಸೆಸರು ನಿಜಕ್ಕೂ ಬೇಕೇ ಎಂಬ ಚಿಂತೆ ಮೈಸೂರಿನವರಿಗೆ ಸದಾ ಇತ್ತು. ಯಂತ್ರವನ್ನೇ ಎತ್ತಿಕೊಂಡು ಮೈಸೂರಿನಲ್ಲಿ ಇಟ್ಟುಕೊಂಡರೆ ಇನ್ನೂ ವಾಸಿಯಲ್ಲವೇ ಎಂಬ ಮಾತೂ ಆಗಾಗ ಏಳುತ್ತಿತ್ತು.

ಆ ಮಾತು ಎದ್ದಾಗಲೆಲ್ಲ ಕಾಕಾ ಊಟ ಬಿಡುತ್ತಿದ್ದರು. ಅವರ ತಂದೆ ಸಿರಸಂಗಿಯ ಕಡೆಯಿಂದ ಚಕ್ಕಡಿಯಲ್ಲಿ ಕಬ್ಬು ಹೇರಿಕೊಂಡು ಬರುತ್ತಿದ್ದವರು. ಚಿಕ್ಕಂದಿನಲ್ಲಿ ಕಾಕಾ ಅಪ್ಪನಿಗೆ ಬುತ್ತಿ ಒಯ್ದು, ಕಾಟಾದ ಮುಂದಿನ ಗಾಡಿಗಳ ಸಾಲಿನಲ್ಲಿ, ಅಂದರೆ ಪಾಳಿಯಲ್ಲಿ, ಜೊತೆಗೆ ಕೂತವರು. "ಪಾಳಿ ನಿಂತಿತಂದ್ರ ಎತ್ತ ಮೊಣಕಾಲ ಊರಿ ಮಲಗತಾವ, ಕಬ್ಬ ಒಣಗತೈತಿ, ನಮ್ಮಪ್ಪ ಯಾರ ಕೂಡೂ ಮಾತಾಡತಿದ್ದಿಲ್ಲ," ಎನ್ನುತ್ತಿದ್ದರು. "ಮಷೀನ ಮೈಸೂರಾಗ ಇಟ್ಟು, ನಡುವ ಎಲ್ಲೋ ಒಂದ ಕಡೆ ಜೆಸಿಬಿ ವಾಯರ ಹರೀತು ಅಂತ ತಿಳಿ. ಇಲ್ಲಿ ತೂಕದ ಚೀಟಿ ಹೊರಗ ಬರೂದಿಲ್ಲ, ಪಾಳಿ ನಿಂದರತೈತಿ. ನಾ ಇರೂತನಕ ಮಷೀನ ಇಲ್ಲೇ ಇರಬೇಕು ಶೈಲವ್ವಾ." ಇಪ್ಪತ್ತರ ಚಿಲ್ಲರೆ ವಯಸ್ಸಿನ ನನ್ನನ್ನು ಅವರು ಶೈಲವ್ವ ಎಂದೇ ಕರೆಯುತ್ತಿದ್ದರು. ಬೈಲಹೊಂಗಲದ ಕಾಲೇಜಿನಲ್ಲಿ ಕಲಿತು ಬಂದ ನನಗೆ ಆ ಹೆಸರು ಕೇಳಿದಾಗ ಮೊದಮೊದಲು ಮೈ ಉರಿಯುತ್ತಿತ್ತು.

ಇನ್ನು ಅವರ ವರದಿ. ಅಂಕಿ ಹೇಳಿ ಎಂದರೆ ಹೇಳುತ್ತಿರಲಿಲ್ಲ. ಯಂತ್ರ ಚೆನ್ನಾಗಿ ನಡೆಯುತ್ತಿದ್ದರೆ ‘ಆರಾಮ’. ಗೆರೆ ಯಾಕೋ ಬೇಡದ ಹೊತ್ತಿನಲ್ಲಿ ಏರುತ್ತಿದ್ದರೆ ‘ಕಸರು’, ಅಂದರೆ ಜ್ವರ ಬರುವ ಮುಂಚಿನ ಮೈ. ತೊಂದರೆ ಖಚಿತವಾದರೆ ‘ಜಡ್ಡು’, ಅಂದರೆ ಕಾಯಿಲೆ. ಗೆರೆ ಪರದೆಯ ನೆತ್ತಿಗೆ ಹತ್ತಿ ಇಳಿಯದೇ ಕೂತರೆ ‘ದಮ್ಮ ಹತ್ತೈತಿ’, ಅಂದರೆ ಏದುಸಿರು. ಈ ನಾಲ್ಕು ಮಾತಿನಲ್ಲಿ ಅವರ ವೈದ್ಯಶಾಸ್ತ್ರ ಮುಗಿಯಿತು.

ನಾನು ಒಮ್ಮೆ ಶಾಣ್ಯಾತನ ತೋರಿಸಲು ಹೋಗಿ, "ಕಾಕಾ, ಅರವತ್ತೆರಡು ಪರ್ಸೆಂಟ್ ಐತಿ ಅಂತ ಹೇಳ್ರಲ್ಲಾ," ಎಂದೆ.

"ಬೀಗರ ಮನಿಗೆ ಹೋಗಿ ಹೆಂಗದೀರಿ ಅಂತ ಕೇಳಿದ್ರ, ಅರವತ್ತೆರಡ ಅದೇವಿ ಅಂತಾರನು?" ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಸಿಟ್ಟಿಳಿದ ಮೇಲೆ, "ಮುಂಜಾನೆ ಗಾಡಿ ಸಾಲಗಟ್ಟಿ ನಿಂತಾಗ ಅರವತ್ತೆರಡ ಬಂದ್ರ ಅದು ದುಡಿಯೂ ಮೈ, ಆರಾಮ. ಅಂಗಳದಾಗ ಒಂದ ಗಾಡಿ ಇಲ್ಲದಾಗ ಅದ ಅರವತ್ತೆರಡ ಬಂದ್ರ ಯಾರೋ ಏನೋ ಒತ್ತ್ಯಾರ, ಜಡ್ಡು. ಅಂಕಿ ಒಂದ. ಎರಡೂ ಒಂದ ಏನವಾ?" ಎಂದರು. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತನ್ನು ಹಟಕ್ಕೆ ಬಳಸುವುದರಲ್ಲಿ ಅವರು ಪಳಗಿದ್ದರು.

‘ಯಾರೋ ಏನೋ ಒತ್ತ್ಯಾರ’ ಎಂದು ಅನುಮಾನ ಬಂದರೆ ಅವರು ಫೋನು ಮಾಡುತ್ತಿರಲಿಲ್ಲ, ಎದ್ದು ಹೋಗುತ್ತಿದ್ದರು. ಬಿಸಿಲಿನಲ್ಲಿ ಆ ಸ್ವೆಟರು ಅಂಗಳ ದಾಟತೊಡಗಿತೆಂದರೆ ಕಾರ್ಖಾನೆಯ ಎಲ್ಲ ಕೋಣೆಗಳಲ್ಲೂ ಗಾಬರಿ. ಯಾರ ಬಾಗಿಲಿಗೆ ಬರುತ್ತದೋ! ಕಬ್ಬಿನ ವಿಭಾಗದ ಪಾಟೀಲ ಸಾಹೇಬರಿಗೆ ಜನ ತುಂಬಿರುವ ಹೊತ್ತಿನಲ್ಲೇ ಕಬ್ಬು ಅರೆಯುವ ಇಡೀ ಹಂಗಾಮಿನ ರಿಪೋರ್ಟು ತೆಗೆದು ನೋಡುವ ಚಟ. ಅದನ್ನು ಒತ್ತಿದರೆ ಡೇಟಾಬೇಸು ಮೊದಲಿನಿಂದ ಎಲ್ಲ ತೂಕವನ್ನೂ ಜಾಲಾಡಬೇಕು, ಅಷ್ಟು ಹೊತ್ತು ಕಾಟಾದಲ್ಲಿ ಚೀಟಿ ನಿಧಾನ. ಒಂದು ದಿನ ಸ್ವೆಟರು ಬರುವುದನ್ನು ಕಿಟಕಿಯಿಂದ ಕಂಡು ಪಾಟೀಲರು ಕಂಪ್ಯೂಟರನ್ನೇ ಬಂದ್ ಮಾಡಿ, ಪೇಪರು ಓದುತ್ತ ಕೂತುಬಿಟ್ಟರಂತೆ. ಕಾಕಾ ಒಳಗೆ ಹೋಗಿ ಪರದೆಯ ಹಿಂದೆ ಕೈಯಿಟ್ಟು ನೋಡಿ, "ಇನ್ನೂ ಬಿಸಿ ಐತ್ರಿ ಸಾಹೇಬರ," ಎಂದರಂತೆ. ಪಾಟೀಲರೇ ಇದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಮೈಸೂರಿನಲ್ಲಿ ಕಾಕಾರ ವರದಿ ಕೇಳುತ್ತಿದ್ದವರು ಶ್ರೀಕಂಠಯ್ಯನವರು. ಮೃದು ಮಾತಿನ, ಜಾಣ ಅಧಿಕಾರಿ. ಅವರು ಫೋನಿನಲ್ಲಿ "ಹೇಗಿದೆ ದಸ್ತಗೀರ್ ನಿಮ್ಮ ಪ್ರೊಸೆಸರು?" ಎಂದು ಕೇಳುವರು. ಕಾಕಾ "ಆರಾಮ ಐತ್ರಿ" ಎನ್ನುವರು. ಅವರು "ಸಂತೋಷ" ಎಂದು ಬರೆದುಕೊಳ್ಳುವರು. ಹಂಗಾಮಿನ ಬಿರುಸಿನಲ್ಲೂ ಅದೇ ಮಾತು, ಗೇಟಿಗೆ ಬೀಗ ಬಿದ್ದ ಮಳೆಗಾಲದಲ್ಲೂ ಅದೇ ಮಾತು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಬಹಳ ಗೌರವ.

ಹೀಗಿರುವಾಗ ಒಂದು ಶ್ರಾವಣದಲ್ಲಿ ಮೈಸೂರಿನಿಂದ ಆದೇಶ ಬಂತು. ನಿಮ್ಮದೇ ವರದಿಯ ಆಧಾರದ ಮೇಲೆ ನಿಮ್ಮ ಡೇಟಾಬೇಸಿನ ಅರ್ಧ ಪ್ರೊಸೆಸರುಗಳನ್ನು ತೆಗೆಯಲಾಗುತ್ತಿದೆ ಎಂಬುದು ಅದರ ತಾತ್ಪರ್ಯ. ಕಾಕಾ ಓದಿದರು, ಇನ್ನೊಮ್ಮೆ ಓದಿದರು, ಮಫ್ಲರು ಬಿಚ್ಚಿ ಮೇಜಿನ ಮೇಲೆ ಎಸೆದು ಫೋನು ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ಆ ಜಗಳ ನನಗೆ ಇವತ್ತಿಗೂ ಬಾಯಿಪಾಠ.

"ಯಾವ ರಿಪೋರ್ಟ ನೋಡಿ ಮಾಡೀರ್ರಿ ಸಾಹೇಬರ ಇದನ್ನ?"

"ನಿಮ್ಮದೇ ವರದಿ ಕಣ್ರೀ. ಹಂಗಾಮಿನಲ್ಲೂ ದಿನಾ ಆರಾಮಾಗಿದೆ ಅಂತಲೇ ತಾನೇ ಹೇಳಿದ್ದು?"

"ಹೌದ್ರಿ, ಹೇಳೇನಿ. ಆರಾಮನ ಇತ್ತು. ಸುಳ್ಳ ಯಾಕ ಹೇಳ್ಲಿ?"

"ಮತ್ತೆ? ಅಷ್ಟು ಆರಾಮಾಗಿರೋದಕ್ಕೆ ಅಷ್ಟೊಂದು ಪ್ರೊಸೆಸರ್ ಯಾಕೆ ಅಂತ."

"ಅಷ್ಟು ಅದಾವಂತನ ಆರಾಮ ಐತ್ರಿ! ತಗದ್ರ ಎಲ್ಲಿ ಆರಾಮ ಇರತೈತಿ?"

"ಅದನ್ನೇ ನಾನೂ ಹೇಳ್ತಿರೋದು. ಆರಾಮ ಸ್ವಲ್ಪ ಕಮ್ಮಿಯಾದರೆ ಏನಾಗುತ್ತೆ?"

ಕಾಕಾ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ನೋಡಿದರು. "ಏನಾಗತೈತಿ ಅಂತ ಕೇಳಾಕತ್ತಾನ ನೋಡು! ಈ ಮನಿಷ್ಯಾಗ ಕರುಳ ಐತೋ ಇಲ್ಲೋ?"

ಅಂಕಿಗಳನ್ನು ಕಳಿಸಿಬಿಡೋಣ, ಹೋದ ಹಂಗಾಮಿನ ಗೆರೆಗಳನ್ನೇ ಕಳಿಸೋಣ ಎಂದು ನಾನು ಪರಿಪರಿಯಾಗಿ ಹೇಳಿದೆ. ಹಟಮಾರಿ ಒಪ್ಪಲಿಲ್ಲ. "ನನ್ನ ಮಾತ ನಂಬದಾವ ನನ್ನ ಅಂಕಿ ನಂಬತಾನೇನು? ಬ್ಯಾಡ ಬಿಡು," ಎಂದರು. ಹೇಳಿದಂತೆ ಅರ್ಧ ಪ್ರೊಸೆಸರುಗಳು ಹೋದವು, ಮೈಸೂರಿನವರು ಅಲ್ಲಿಂದಲೇ ಅವನ್ನು ಬಂದ್ ಮಾಡಿದರು. ಮಳೆಗಾಲದಲ್ಲಿ ಅದರ ಬಿಸಿ ಯಾರಿಗೂ ತಟ್ಟಲಿಲ್ಲ.

ದೀಪಾವಳಿ ಮುಗಿದು ಬಾಯ್ಲರಿಗೆ ಬೆಂಕಿ ಬಿತ್ತು. ಕಿತ್ತೂರಿನ ಕಡೆಯಿಂದ, ರಾಮದುರ್ಗದ ಕಡೆಯಿಂದ ಗಾಡಿಗಳು ಬರತೊಡಗಿದವು. ಮೊದಲ ದಿನಗಳು ಹೇಗೋ ಸಾಗಿದವು. ಕಬ್ಬು ಕಡಿಯುವ ಗ್ಯಾಂಗುಗಳೆಲ್ಲ ಬಂದು ಇಳಿದ ಮೇಲೆ ಒಂದು ಬೆಳಗ್ಗೆ ಗೆರೆ ಪರದೆಯ ನೆತ್ತಿಗೆ ಹತ್ತಿತು, ಇಳಿಯಲಿಲ್ಲ. ಕಾಟಾದ ಮೇಲೆ ಟ್ರ್ಯಾಕ್ಟರು ನಿಂತಿದೆ, ತೂಕ ಕಾಣುತ್ತಿದೆ, ಚೀಟಿ ಮಾತ್ರ ಹೊರಗೆ ಬರುತ್ತಿಲ್ಲ. ಬಂದರೂ ಮುಂದಿನ ಗಾಡಿಗೆ ಮತ್ತೆ ಅದೇ ಕತೆ. ಮಧ್ಯಾಹ್ನದ ಹೊತ್ತಿಗೆ ಪಾಳಿ ಗೇಟು ದಾಟಿ ರಸ್ತೆಗೆ ಹೋಯಿತು, ಸಂಜೆಗೆ ಹಳ್ಳದ ಸೇತುವೆ ಮುಟ್ಟಿತು. ಡ್ರೈವರುಗಳು ಹಾಡಿನ ಟೇಪು ಬಂದ್ ಮಾಡಿ ಕೆಳಗಿಳಿದು ಸುಮ್ಮನೆ ನಿಂತರು. ಬೈದಿದ್ದರೆ ಕಾಕಾರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. "ದಮ್ಮ ಹತ್ತೈತಿ, ದಮ್ಮ ಹತ್ತೈತಿ," ಎಂದು ಅವರು ಮೈಸೂರಿಗೆ ಮೇಲಿಂದ ಮೇಲೆ ಫೋನು ಮಾಡಿದರು. ಅಲ್ಲಿಯವರಿಗೆ ಅದು ಏನೆಂದು ತಿಳಿಯಿತೋ ಕಾಣೆ. ‘ನಿಮ್ಮಿಂದ ಆಗದಿದ್ದರೆ ಯಂತ್ರವನ್ನು ಇಲ್ಲಿಗೇ ತರಿಸಿಕೊಳ್ಳುತ್ತೇವೆ, ಶ್ರೀಕಂಠಯ್ಯ ಬಂದು ನೋಡುತ್ತಾರೆ’ ಎಂದು ಉತ್ತರ ಬಂತು.

ಮರುದಿನ ಧಾರವಾಡದಿಂದ ಬಸ್ಸು ಹಿಡಿದು ಶ್ರೀಕಂಠಯ್ಯನವರು ಬಂದಿಳಿದರು. ಪಾಳಿ ನಿಂತೇ ಇತ್ತು. ಆ ಗಾಡಿಗಳ ನಡುವೆ ದಾರಿ ಮಾಡಿಕೊಂಡು, ಕೂದಲೆಲ್ಲ ಧೂಳಾಗಿ, ಕಣ್ಣು ಕೆಂಪಾಗಿ ಒಳಗೆ ಬಂದರು. ಎಷ್ಟು ಸಿಟ್ಟಿದ್ದರೂ ಮನೆಗೆ ಬಂದವರನ್ನು ವಿಚಾರಿಸದೆ ಬಿಡುವ ಜಾತಿಯಲ್ಲ ಕಾಕಾ.

"ಬರ್ರಿ ಸಾಹೇಬರ, ಕೂಡ್ರಿ. ಯಾಕ್ರಿ, ಮಾರಿ ಬಾಡೈತಲ್ಲಾ? ಆರಾಮ ಇಲ್ಲೇನ್ರಿ?"

"ಎಲ್ಲಿ ಆರಾಮ ಬಂತು ದಸ್ತಗೀರ್? ನಿಮ್ಮ ಫೋನು ಶುರುವಾದಾಗಿನಿಂದ ಕೂತಿದ್ದೇ ಇಲ್ಲ."

"ಅಯ್ಯ! ಹಂಗಾರ ಮೊದಲ ಡಾಕ್ಟರಿಗೆ ತೋರಸೂಣು ನಡೀರಿ. ಬೈಲಹೊಂಗಲದಾಗ ನಮ್ಮ ಗುರ್ತಿನವ್ರ ಅದಾರ."

"ಡಾಕ್ಟರ್ ಯಾಕ್ರೀ? ನನಗೇನಾಗಿದೆ?"

"ನೀವ ಅಂದ್ರೆಲ್ಲಾ ಈಗ, ಆರಾಮ ಇಲ್ಲಂತ!"

ಶ್ರೀಕಂಠಯ್ಯನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಸರ್, ನಿಮ್ಮ ಕಡೆ ಆರಾಮ ಅಂದ್ರ ಏನ್ರಿ?" ಎಂದು ಕೇಳಿದೆ.

"ಏನು ಅಂದರೆ... ಆರಾಮ ಅಂದರೆ ಹಾಯಾಗಿ, ಹೆಚ್ಚು ಕೆಲಸವಿಲ್ಲದೆ, ಕಾಲು ಚಾಚಿಕೊಂಡು."

"ಕೆಲಸ ಇಲ್ಲದ?" ಎಂದರು ಕಾಕಾ. ಅವರ ದನಿ ಸಣ್ಣದಾಗಿತ್ತು. "ನಮ್ಮಲ್ಲಿ ಆರಾಮ ಅಂದ್ರ ಜಡ್ಡಿಲ್ಲ, ಗಟ್ಟಿ ಅದಾನ ಅಂತ್ರಿ. ದಿನಾ ಹೊತ್ತ ಮುಳಗೂತನಕ ಹೊಲದಾಗ ಬಗ್ಗಿ ದುಡ್ಯಾವನೂ ಆರಾಮನ ಇರತಾನ್ರಿ."

ವರ್ಷಗಟ್ಟಲೆ ಒಬ್ಬರು ‘ಯಂತ್ರ ಗಟ್ಟಿಯಾಗಿ ದುಡಿಯುತ್ತಿದೆ’ ಎಂದು ಹೇಳಿದ್ದರು, ಇನ್ನೊಬ್ಬರು ‘ಯಂತ್ರ ಕಾಲು ಚಾಚಿ ಮಲಗಿದೆ’ ಎಂದು ಬರೆದುಕೊಂಡಿದ್ದರು. ಇಬ್ಬರೂ ಕನ್ನಡದವರು, ಇಬ್ಬರೂ ಸುಳ್ಳು ಹೇಳುವವರಲ್ಲ. ನನಗೆ ನಗು ಉಕ್ಕಿ ಬಂತು. ಆದರೆ ಕಾಕಾರ ಮುಖ ನೋಡಿ ನುಂಗಿಕೊಂಡೆ.

ಅವರು ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ನಡೆದರು. ಪಾಳಿಯ ಮುಂದೆ ನಿಂತು, ಡ್ರೈವರುಗಳು ನೋಡುತ್ತಿದ್ದಂತೆ, "ತಪ್ಪು ನಂದೈತ್ರಪಾ. ಅಂಕಿ ಹೇಳು ಅಂದ್ರೂ ಹೇಳಲಿಲ್ಲ. ಮಷೀನ ಹಾಳಾಗಿಲ್ಲ, ನನ್ನ ನಾಲಿಗಿ ಹಾಳಾಗೈತಿ," ಎಂದರು. ಮುಂದಿನ ಟ್ರ್ಯಾಕ್ಟರಿನವನು ಅರ್ಥವಾಗದೆ ತಲೆ ಕೆರೆದುಕೊಂಡ. "ಆತ ಬಿಡ್ರಿ ಕಾಕಾ, ತಪ್ಪ ಯಾರ ಮಾಡೂದಿಲ್ಲ? ಚಾ ಕುಡಸ್ರಿ ಅಷ್ಟ," ಎಂದ. ಕಾಕಾ ಪಾಳಿಗೆಲ್ಲ ಚಹಾ ಹೇಳಿದರು.

ಒಳಗೆ ಶ್ರೀಕಂಠಯ್ಯನವರು ಹೋದ ಹಂಗಾಮಿನ ಗೆರೆಗಳನ್ನು ತೆರೆಸಿ ನೋಡಿದರು. ನೋಡುತ್ತ ನೋಡುತ್ತ ಹಣೆ ಒತ್ತಿಕೊಂಡರು. ಮೈಸೂರಿಗೆ ಅವರು ಮಾಡಿದ ಫೋನು ಮೃದುವಾಗಿರಲಿಲ್ಲ. ಹೊತ್ತು ಮುಳುಗುವ ಮುಂಚೆ ತೆಗೆದ ಪ್ರೊಸೆಸರುಗಳೆಲ್ಲ ಮರಳಿ ಬಂದವು, ಗೆರೆ ನೆತ್ತಿಯಿಂದ ಇಳಿಯಿತು, ಚೀಟಿಗಳು ಸರಾಗವಾಗಿ ಹೊರಬಂದವು. ಯಂತ್ರ ಇಲ್ಲೇ ಇರಲಿ, ತಪ್ಪು ಯಂತ್ರದ್ದಲ್ಲ, ಎಂದು ಅವರು ತಮ್ಮ ಮೇಲಿನವರಿಗೆ ತಿಳಿಸಿದರು. ಕಾಕಾ ಅವತ್ತು ಅವರನ್ನು ಬಸ್ಸಿಗೆ ಹತ್ತಿಸಲು ಬೈಲಹೊಂಗಲದವರೆಗೂ ಹೋಗಿ, ಒಂದು ಬೆಲ್ಲದ ಪೆಂಟಿಯನ್ನು ಬಲವಂತವಾಗಿ ಚೀಲಕ್ಕೆ ತುರುಕಿ ಬಂದರು.

ಅಂದಿನಿಂದ ವರದಿಯ ರೀತಿ ಬದಲಾಯಿತು. "ಎಪ್ಪತ್ತೆಂಟರಿ, ಆರಾಮ," ಎನ್ನುವರು ಕಾಕಾ. ಅಂಕಿ ಹೇಳಲು ಒಪ್ಪಿದರೇ ಹೊರತು ಮಾತು ಬಿಡಲು ಒಪ್ಪಲಿಲ್ಲ. "ನಿಮ್ಮ ಆರಾಮವೋ, ನಮ್ಮ ಆರಾಮವೋ?" ಎಂದು ಆ ಕಡೆಯಿಂದ ಪ್ರಶ್ನೆ. "ನಮ್ದರಿ!" ಎಂದು ಈ ಕಡೆಯಿಂದ ಗದರಿಕೆ. ಆಮೇಲೆ ಇಬ್ಬರೂ ನಗುವರು. ಆ ನಗುವನ್ನು ಕೇಳುತ್ತ ಬೆಳಗಿನ ಚಹಾ ಕುಡಿದ ಆ ವರ್ಷಗಳಷ್ಟು ಒಳ್ಳೆಯ ವರ್ಷಗಳು ನನ್ನ ನೌಕರಿಯಲ್ಲಿ ಮತ್ತೆ ಬರಲಿಲ್ಲ. ಶೈಲವ್ವ ಎಂದರೆ ಮೈ ಉರಿಯುವುದು ಯಾವಾಗ ನಿಂತಿತೋ ನನಗೇ ತಿಳಿಯದು.

ಕಾಕಾ ನಿವೃತ್ತರಾದರು. ಅವರು ಇರುವ ತನಕ ಯಂತ್ರ ಅಲ್ಲೇ ಇತ್ತು. ಆಮೇಲೆ ಅದೂ ಹೋಯಿತು. ಈಗ ಡೇಟಾಬೇಸು ಎಲ್ಲೋ ದೂರದಲ್ಲಿದೆ, ಎಲ್ಲಿದೆಯೆಂದು ನನಗೂ ಗೊತ್ತಿಲ್ಲ. ಪ್ರೊಸೆಸರಿನ ಹೊರೆ ಮಿತಿ ಮೀರಿದರೆ ಅದೇ ತಾನಾಗಿ ಮೊಬೈಲಿಗೆ ಸಂದೇಶ ಕಳಿಸುತ್ತದೆ, ಸಾಲದೆ ಹೋದರೆ ತಾನೇ ಇನ್ನಷ್ಟು ಪ್ರೊಸೆಸರು ತಂದುಕೊಳ್ಳುತ್ತದೆ. ಹಳೆಯ ಖೋಲಿಯಲ್ಲಿ ಎಸಿ ಇಲ್ಲ. ಖಾಲಿ ಚೀಲಗಳನ್ನು ಒಟ್ಟಿದ್ದಾರೆ.

ಈ ಸುದ್ದಿ ಹೇಳಲೆಂದೇ ಒಂದು ಭಾನುವಾರ ಮಧ್ಯಾಹ್ನ ಸವದತ್ತಿಗೆ ಹೋದೆ. ಊರಂಚಿನಲ್ಲಿ, ರಸ್ತೆಗೆ ಹತ್ತಿಕೊಂಡೇ ಕಾಕಾರ ಮನೆ. ಅವರು ತೀರಾ ಸೊರಗಿದ್ದರು. ಯಂತ್ರ ಹೋದದ್ದು ಅವರಿಗೆ ಹೇಗೋ ಮುಂಚೆಯೇ ಗೊತ್ತಾಗಿತ್ತು.

"ಪಾಳಿ ಏನರ ನಿಂತಿತ್ತೇನವಾ ಈ ಸಲ?" ಎಂದು ಕೇಳಿದರು.

ಒಂದೆರಡು ಸಲ ನಿಂತಿತ್ತು, ನಿಮ್ಮನ್ನು ಎಲ್ಲರೂ ನೆನೆಸಿದರು ಎಂದು ಹೇಳಬೇಕೆಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಆ ಮುಖದೆದುರು ಸುಳ್ಳು ಏಳಲಿಲ್ಲ. "ಇಲ್ರಿ ಕಾಕಾ. ಒಂದ ದಿನಾನೂ ನಿಂತಿಲ್ಲ."

"ವಾಯರ ಹರದ್ರ?"

"ಎರಡ ಲೈನ ಹಾಕ್ಯಾರ್ರಿ. ಒಂದ ಹೋದ್ರ ಇನ್ನೊಂದ ಇರತೈತಿ."

"ಛಲೋ ಆತು. ಭಾಳ ಛಲೋ ಆತು," ಎಂದರು. "ಹಂಗಾರ ನಾ ಇಷ್ಟ ವರ್ಷ ಸುಮ್ಮ ಅಂಜಿದ್ನೇನು?"

"ನೀವ ಅಂಜಿದ್ದಕ್ಕನ ಎರಡ ಲೈನ ಬಂದಾವ್ರಿ," ಎಂದೆ. ಅದು ಬಾಯುಪಚಾರದ ಮಾತಲ್ಲ. ಶ್ರೀಕಂಠಯ್ಯನವರು ತಾವು ಕೆಲಸ ಬಿಡುವ ಮುಂಚೆ, ಎರಡು ಲೈನು ಇಲ್ಲದೆ ಈ ಯಂತ್ರ ಕದಲಕೂಡದು ಎಂದು ಹಟ ಹಿಡಿದು ಮಾಡಿಸಿ ಹೋಗಿದ್ದರು. ಅದನ್ನೂ ಹೇಳಿದೆ. ಕಾಕಾ ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ರಸ್ತೆಯ ಮೇಲೆ ಧಡಧಡ ಸದ್ದು. ಕಾಕಾ ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಸದ್ದು ಮನೆ ದಾಟಿ ಹೋಗುವ ತನಕ ಕಿವಿಗೊಟ್ಟು ಕೂತರು. "ಖಾಲಿ ಹೋತು," ಎಂದು ನಕ್ಕರು.

ಅಡುಗೆಮನೆಯಿಂದ ಅವರ ಹೆಂಡತಿ ರಾಬಿಯಾ ಕಾಕು ಚಹಾ ತಂದರು. "ಹಂಗಾಮ ಸುರು ಆತಂದ್ರ ಇದ ನೋಡವಾ ಇವ್ರ ಕೆಲಸ," ಎಂದು ರೇಗಿದರು. "ಕಬ್ಬ ತುಂಬಿದ್ದ ಗಾಡಿ ವಜ್ಜಿರತೈತಿ, ಸಪ್ಪಳಿಲ್ಲದ ಹೋಗತೈತಿ. ಖಾಲಿ ಆದ್ದು ಹಿಂಗ ಧಡಧಡ ಅಂತ ತಿರಗಿ ಬರತೈತಿ. ಅದು ಬಂದ್ರ ಪಾಳಿ ಸರಿಯಾಕತ್ತೈತಿ ಅಂತ. ಅದು ಬರೂತನಕ ಇವ್ರ ಕೈಯಾಗಿನ ತುತ್ತ ಬಾಯಿಗೆ ಹೋಗೂದಿಲ್ಲ. ನನಗ ಸಾಕಾಗೈತಿ."

ಆ ಹಂಗಾಮು ಮುಗಿಯುವ ಮುಂಚೆಯೇ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಕೆಲವು ದಿನ ಬಿಟ್ಟು ಮಾತಾಡಿಸಲು ಹೋದೆ. ರಾಬಿಯಾ ಕಾಕು ಚಾಪೆ ಹಾಸಿ ಕೂರಿಸಿ, ಕೊನೆಯ ದಿನ ಅವರು ಏನು ಉಂಡರು, ಯಾರನ್ನು ಕೇಳಿದರು ಎಂದು ಒಂದೊಂದಾಗಿ ಹೇಳುತ್ತಿದ್ದರು. ಹೇಳುತ್ತಿದ್ದವರು ಮಾತಿನ ನಡುವೆ ತಟ್ಟನೆ ನಿಲ್ಲಿಸಿ ನನ್ನ ಕಡೆ ಕೈ ಎತ್ತಿದರು. ರಸ್ತೆಯ ಮೇಲೆ ಟ್ರೇಲರೊಂದು ಧಡಧಡನೆ ಬಂತು, ಮನೆಯೆದುರು ಹಾಯಿತು, ದೂರವಾಯಿತು. ಸದ್ದು ಪೂರ್ತಿ ಅಡಗುವ ತನಕ ಅವರು ಕೈ ಇಳಿಸಲಿಲ್ಲ.

"ಖಾಲಿ ಹೋತು," ಎಂದು ಕಾಕಾ ಮಲಗುತ್ತಿದ್ದ ಒಳಗಿನ ಕೋಣೆಯ ಕಡೆ ತಿರುಗಿ, ಕೇಳುವಷ್ಟು ಗಟ್ಟಿಯಾಗಿ ಹೇಳಿದರು.